ಬೇರೆಯವರ ಮನೆಯಲ್ಲಿರುವವರಿಗೆ ಅಂಚೆ ಕಳಿಸುವುದು ಹೇಗೆ? ‘ಕೇರಾಫ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಜಿಯಲ್ಲಿರುವ ಮಗ, ಬಾಣಂತನಕ್ಕೆ ತವರಿಗೆ ಬಂದ ಮಗಳು, ಅಣ್ಣನ ಮನೆಯಲ್ಲಿದ್ದು ಪರೀಕ್ಷೆಗೆ ಓದುತ್ತಿರುವ ತಂಗಿ, ಆರು ತಿಂಗಳಿಗೆಂದು ಅಮೆರಿಕಕ್ಕೆ ಹೋದ ಅಪ್ಪ-ಅಮ್ಮ. ಇವರಿಗೆ ಒಂದು ಕವರ್ ಕಳಿಸಬೇಕು ಅಂದ ತಕ್ಷಣ ಅನುಮಾನ ಶುರು. ಯಾರ ಹೆಸರು ಮೊದಲು? ಫೋನ್ ನಂಬರ್ ಯಾರದ್ದು? ಮನೆಯವರಿಗೆ ಹೇಳಬೇಕಾ? ನೆಂಟರು, ಬಾಡಿಗೆದಾರರು, ಹಾಸ್ಟೆಲ್ ಹುಡುಗರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ. ಮಾದರಿ ವಿಳಾಸಗಳಲ್ಲಿರುವ ಹೆಸರುಗಳು ಸುಮ್ನೆ ಉದಾಹರಣೆಗೆ ಹಾಕಿದ್ದು.

## ಮೊದಲು ತಿಳಿಯಬೇಕಾದ್ದು

ಕೇರಾಫ್ ಅಂತ ಯಾವಾಗ ಬರೀಬೇಕು? ಬರೀದೇ ಇದ್ರೆ ಏನಾಗುತ್ತೆ?

ಕಾಗದ ಸೇರಬೇಕಾದವರು ಒಬ್ಬರು, ಆ ಮನೆ ಗುರುತಾಗಿರುವುದು ಇನ್ನೊಬ್ಬರ ಹೆಸರಿನಲ್ಲಿ. ಆಗ ಬರೆಯಬೇಕು. ಪೋಸ್ಟ್‌ಮನ್‌ಗೆ ಬೀದಿಯ ಮನೆಗಳೆಲ್ಲ ಮನೆಯವರ ಹೆಸರಿನಿಂದ ಗೊತ್ತಿರುತ್ತವೆ. ಹೋದ ತಿಂಗಳು ಬಂದು ಸೇರಿದ ನಿಮ್ಮ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಕೇರಾಫ್ ಸಾಲು ಅವರನ್ನು ಬಾಗಿಲವರೆಗೆ ಕರೆತರುತ್ತದೆ. ಅಲ್ಲಿಂದ ಒಳಗೆ ನಿಮ್ಮ ಕೈಗೆ ಸೇರಿಸುವುದು ಮನೆಯವರ ಕೆಲಸ.

ಬರೆಯದಿದ್ದರೆ ಕೆಲವೊಮ್ಮೆ ಏನೂ ಆಗುವುದಿಲ್ಲ. ಹಳೇ ಪೋಸ್ಟ್‌ಮನ್ ಆದರೆ ನಾಲ್ಕು ಮನೆ ವಿಚಾರಿಸಿ ಕೊಟ್ಟು ಹೋಗುತ್ತಾರೆ. ಅವತ್ತು ಅವರು ರಜೆಯಲ್ಲಿದ್ದು ಬದಲಿಗೆ ಬೇರೆಯವರು ಬಂದಿದ್ದರೆ ‘ಈ ಹೆಸರಿನವರು ಇಲ್ಲಿಲ್ಲ’ ಅಂತ ಕವರ್ ವಾಪಸ್ ಹೋಗುತ್ತದೆ.

ಇನ್ನೊಂದು ಮಾತು. ಕೇರಾಫ್ ಕಾಗದ ಕಳೆದುಹೋಗುವುದು ಜಾಸ್ತಿ ಬರವಣಿಗೆಯ ತಪ್ಪಿನಿಂದ ಅಲ್ಲ, ಮನೆಯವರಿಗೆ ಹೇಳದೆ ಇರುವುದರಿಂದ. ಬಾಗಿಲು ತೆಗೆದವರು ‘ಅಂಥೋರು ಯಾರೂ ಇಲ್ಲಪ್ಪಾ’ ಅಂದುಬಿಟ್ಟರೆ ಎಷ್ಟು ಚೆಂದ ಬರೆದ ವಿಳಾಸವೂ ಕೆಲಸಕ್ಕೆ ಬರುವುದಿಲ್ಲ.

ಯಾರ ಹೆಸರು ಮೇಲೆ, ಯಾರದ್ದು ಕೆಳಗೆ?

ಕಾಗದ ಯಾರಿಗೋ ಅವರ ಹೆಸರು ಮೇಲೆ. ಮನೆ ಯಾರದ್ದೋ ಅವರ ಹೆಸರು ಎರಡನೇ ಸಾಲಿನಲ್ಲಿ. ಹೀಗೆ:

ಗೆ,
ಕುಮಾರಿ ಸುಮಾ ಎಂ.
ಕೇರಾಫ್ ಶ್ರೀ ರಾಮಚಂದ್ರಪ್ಪ
ಮನೆ ನಂಬರ್, ಮೊದಲನೇ ಮಹಡಿ
4ನೇ ಕ್ರಾಸ್, 2ನೇ ಮೇನ್
ವಿದ್ಯಾರಣ್ಯಪುರಂ
ಮೈಸೂರು 570008

ಮನೆ ಯಜಮಾನರು ವಯಸ್ಸಿನಲ್ಲಿ ದೊಡ್ಡವರು, ಅವರ ಹೆಸರು ಕೆಳಗೆ ಹಾಕಿದರೆ ಮರ್ಯಾದೆಯಲ್ಲ ಅಂತ ಕೆಲವರು ತಿರುಗಿಸಿ ಬರೆಯುತ್ತಾರೆ. ಹಾಗೆ ಮಾಡಿದರೆ ಕಾಗದ ಅವರದ್ದೇ ಆಗಿಬಿಡುತ್ತದೆ, ಅವರು ಒಡೆದು ಓದಿದರೆ ತಪ್ಪು ಹೇಳೋಹಾಗಿಲ್ಲ. ಮರ್ಯಾದೆ ತೋರಿಸಬೇಕಾದರೆ ಹೆಸರಿನ ಹಿಂದೆ ‘ಶ್ರೀ’ ಸೇರಿಸಿ, ಸಾಕು.

ಕೇರಾಫ್, ಮಾರ್ಫತ್, ದ್ವಾರಾ, ಸಿ/ಒ. ಯಾವುದು ಬರೆದರೆ ಸರಿ?

ಕರ್ನಾಟಕದೊಳಗೆ ಯಾವುದಾದರೂ ಸರಿ. ಹೊರ ರಾಜ್ಯಕ್ಕೋ ಹೊರ ದೇಶಕ್ಕೋ ಹೋಗುವ ಕವರ್ ಆದರೆ ಇಂಗ್ಲಿಷಿನಲ್ಲಿ ಸಿ, ಓರೆಗೆರೆ, ಒ ಅಂತ ಬರೆಯಿರಿ.

ನಾನು ‘ಬಿನ್’, ‘ಕೋಂ’ ಅಂತ ಬರೆದೇ ಇರ್ತೀನಲ್ಲ, ಮತ್ತೆ ಕೇರಾಫ್ ಯಾಕೆ?

ಬಿನ್ ಅಂದರೆ ಯಾರ ಮಗ, ಕೋಂ ಅಂದರೆ ಯಾರ ಹೆಂಡತಿ. ಪಹಣಿಗೆ, ರೇಷನ್ ಕಾರ್ಡಿಗೆ ಅದು ಬೇಕು. ನೀವು ಈಗ ಯಾರ ಮನೆಯಲ್ಲಿದ್ದೀರಿ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಅಪ್ಪನ ಮನೆಯಲ್ಲೇ ಇದ್ದರೆ ಎರಡೂ ಒಂದೇ. ಮಾವನ ಮನೆಯಲ್ಲಿದ್ದುಕೊಂಡು ‘ಬಿನ್’ ಅಂತ ತೀರಿಹೋದ ಅಪ್ಪನ ಹೆಸರು ಹಾಕಿದರೆ ಪೋಸ್ಟ್‌ಮನ್ ಇಡೀ ಬೀದಿಯಲ್ಲಿ ಇಲ್ಲದವರನ್ನು ಹುಡುಕಬೇಕಾಗುತ್ತದೆ.

ಕನ್ನಡದಲ್ಲೇ ವಿಳಾಸ ಬರೆದ್ರೆ ಹೋಗುತ್ತಾ?

ಕರ್ನಾಟಕದೊಳಗೆ ಆರಾಮಾಗಿ ಹೋಗುತ್ತದೆ. ಹೊರ ರಾಜ್ಯಕ್ಕಾದರೆ ಇಂಗ್ಲಿಷ್, ಹಿಂದಿ ಅಥವಾ ಆ ಊರಿನ ಭಾಷೆ ಬೇಕು. ಪುಣೆಯಲ್ಲಿರುವ ಅಕ್ಕನಿಗೆ ಕನ್ನಡದಲ್ಲಿ ಬರೆಯಲೇಬೇಕು ಅನಿಸಿದರೆ ಕಾಗದದ ಒಳಗೆ ಬರೆಯಿರಿ. ಕವರಿನ ಮೇಲೆ ಬೇಡ. ಪಿನ್‌ಕೋಡ್‌ಗೆ ಕನ್ನಡ ಅಂಕಿ ಬಳಸಬೇಡಿ, ಅದನ್ನು ವಿಂಗಡಿಸುವವರು ಎಲ್ಲಿಯವರೋ ಏನೋ.

ಪಿನ್‌ಕೋಡ್ ಇದ್ದ ಮೇಲೆ ಇಷ್ಟೆಲ್ಲ ಯಾಕೆ? ಈಗ ಡಿಜಿಪಿನ್ ಬೇರೆ ಬಂದಿದೆಯಲ್ಲ?

ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ರಂದು. ಆರು ಅಂಕಿ. ಕರ್ನಾಟಕದ್ದು 56ರಿಂದ 59ರವರೆಗೆ ಶುರುವಾಗುತ್ತದೆ, ಬೆಂಗಳೂರಿಗೆ 560, ಮಂಗಳೂರಿಗೆ 575, ಧಾರವಾಡ-ಹುಬ್ಬಳ್ಳಿಗೆ 580, ಹೀಗೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯದು. ಅಂದರೆ ಪಿನ್‌ಕೋಡ್ ನಿಮ್ಮ ಕವರನ್ನು ಅಂಚೆ ಕಚೇರಿಯ ತನಕ ತಲುಪಿಸುತ್ತದೆ, ಮನೆಯ ತನಕ ಅಲ್ಲ.

ಡಿಜಿಪಿನ್ 2025ರಲ್ಲಿ ಬಂದದ್ದು. ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಟ್ಟಿದ್ದಾರೆ. ಜಾಗ ಹುಡುಕುವುದಕ್ಕೆ ಬಹಳ ಒಳ್ಳೆಯದು. ಆದರೆ ನೆಲಮಹಡಿಯ ಓನರ್‌ಗೂ ಮೂರನೇ ಮಹಡಿಯ ಬಾಡಿಗೆದಾರರಿಗೂ ಅದೇ ಚೌಕ. ಒಂದೇ ಮನೆಯ ನಾಲ್ಕು ಜನರಲ್ಲಿ ಯಾರಿಗೆ ಕಾಗದ ಅನ್ನುವುದನ್ನೂ ಅದು ಹೇಳುವುದಿಲ್ಲ. ಹಾಗಾಗಿ ಕೇರಾಫ್‌ಗೆ ಇನ್ನೂ ಕೆಲಸ ಇದೆ.

ಫ್ರಮ್ ಅಡ್ರೆಸ್ ಬರೆಯಲೇಬೇಕಾ?

ಕೇರಾಫ್ ಕಾಗದಕ್ಕೆ ಬರೆಯಲೇಬೇಕು. ನೀವು ಬರೆಯುವ ಹೊತ್ತಿಗೆ ಅವರು ಆ ಮನೆ ಬಿಟ್ಟಿರಬಹುದು. ಕಳಿಸಿದವರ ವಿಳಾಸ ಇಲ್ಲದ, ಕೊಡಲೂ ಆಗದ ಕಾಗದಗಳು ರಿಟರ್ನ್ಡ್ ಲೆಟರ್ ಆಫೀಸ್ ಅನ್ನುವ ಕಚೇರಿಗೆ ಹೋಗುತ್ತವೆ. ವಿಳಾಸ ಸಿಗುತ್ತದೇನೋ ಅಂತ ಅಲ್ಲಿ ಒಡೆದು ನೋಡುತ್ತಾರೆ. ನಿಮ್ಮ ಮನೆ ಮಾತು ಅಲ್ಲಿಯವರೆಗೆ ಹೋಗಬೇಕಾ?

## ಹಳ್ಳಿ, ಪಿಜಿ, ಬಾಡಿಗೆ ಮನೆ, ತವರು

ನಮ್ಮ ಹಳ್ಳೀಲಿ ಮನೆ ನಂಬರೇ ಇಲ್ಲ. ಅಜ್ಜಿ ಈಗ ಚಿಕ್ಕಪ್ಪನ ಮನೇಲಿದ್ದಾರೆ. ಏನಂತ ಬರೀಲಿ?

ಹಳ್ಳಿಯಲ್ಲಿ ಮನೆ ನಂಬರಿನ ಕೆಲಸವನ್ನು ಕೇರಾಫ್ ಮಾಡುತ್ತದೆ. ಚಿಕ್ಕಪ್ಪನ ಹೆಸರನ್ನು ಊರಿನವರು ಕರೆಯುವ ಹಾಗೆ ಬರೆಯಿರಿ. ದಾಖಲೆಯಲ್ಲಿ ‘ಎಚ್. ಎಸ್. ಮಂಜುನಾಥಯ್ಯ’ ಇರಬಹುದು, ಊರಿಗೆ ಅವರು ‘ಮಿಲ್ ಮಂಜಣ್ಣ’. ದಾಖಲೆ ಹೆಸರು ಬರೆದು ಪಕ್ಕದಲ್ಲಿ ‘ಮಿಲ್ ಮನೆ’ ಅಂತ ಸೇರಿಸಿದರೆ ಎರಡೂ ಆಯಿತು. ಮಲೆನಾಡು, ಕರಾವಳಿಯಲ್ಲಿ ಮನೆಗೇ ಹೆಸರಿರುತ್ತದೆ. ಅದನ್ನು ಬಿಡಲೇಬೇಡಿ.

ಆಮೇಲೆ ಗ್ರಾಮ, ಅಂಚೆ, ಹೋಬಳಿ, ತಾಲೂಕು, ಜಿಲ್ಲೆ, ಪಿನ್. ಇದರಲ್ಲಿ ‘ಅಂಚೆ’ ಅನ್ನುವುದನ್ನು ಪೇಟೆಯವರು ಮರೆಯುತ್ತಾರೆ. ಒಂದೇ ಪಿನ್‌ಕೋಡಿನ ಕೆಳಗೆ ಹಲವು ಶಾಖಾ ಅಂಚೆ ಕಚೇರಿಗಳಿರುತ್ತವೆ. ಶಾಖೆಯ ಹೆಸರಿಲ್ಲದೆ ಬರೀ ‘ತೀರ್ಥಹಳ್ಳಿ ತಾಲೂಕು, 577432’ ಅಂತ ಬರೆದರೆ ಕವರ್ ತೀರ್ಥಹಳ್ಳಿಗೆ ಬಂದು, ಇದು ಯಾವ ಶಾಖೆಯ ಚೀಲಕ್ಕೆ ಅಂತ ಯಾರಾದರೂ ಯೋಚಿಸುವವರೆಗೆ ಕೂತಿರುತ್ತದೆ.

ಉತ್ತರ ಕರ್ನಾಟಕದ ಕಡೆ ಇನ್ನೊಂದು ಸಮಸ್ಯೆ. ಅರ್ಧ ಊರೇ ಪಾಟೀಲರು ಅಥವಾ ಹಿರೇಮಠರು ಆಗಿರಬಹುದು. ‘ಕೇರಾಫ್ ಬಸವರಾಜ ಪಾಟೀಲ’ ಅಂದರೆ ಆರು ಜನ ಬಸವರಾಜರು ಎದ್ದು ನಿಲ್ಲುತ್ತಾರೆ. ಅಲ್ಲಿ ಕೇರಾಫ್ ಸಾಲಿನಲ್ಲಿ ಅವರ ತಂದೆಯ ಹೆಸರೂ ಓಣಿಯ ಹೆಸರೂ ಬೇಕೇ ಬೇಕು: ‘ಬಸವರಾಜ ಶಿವನಗೌಡ ಪಾಟೀಲ, ಅಗಸಿ ಓಣಿ’ ಅನ್ನುವ ಹಾಗೆ.

ಪಿಜಿಯಲ್ಲಿದ್ದೀನಿ. ಕೇರಾಫ್ ಪಿಜಿ ಹೆಸರಾ, ಓನರ್ ಹೆಸರಾ?

ಪಿಜಿ ಹೆಸರು. ಓನರ್ ಬೇರೆ ಬಡಾವಣೆಯಲ್ಲಿರುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ, ಪೋಸ್ಟ್‌ಮನ್‌ಗೆ ಅವರ ಮುಖವೇ ಗೊತ್ತಿರುವುದಿಲ್ಲ. ಬೋರ್ಡಿನ ಮೇಲೆ ಏನಿದೆಯೋ ಅದನ್ನೇ ಬರೆಯಿರಿ. ನಿಮ್ಮ ಹೆಸರಿನ ಪಕ್ಕದಲ್ಲೇ ರೂಂ ನಂಬರ್ ಹಾಕಿ, ಕೆಳಗೆಲ್ಲೋ ಅಲ್ಲ. ಪಿಜಿಯಲ್ಲಿ ಕಾಗದ ತಗೊಳ್ಳುವುದು ಮ್ಯಾನೇಜರ್ ಅಥವಾ ಅಡುಗೆಯವರು. ಅವರಿಗೆ ‘203’ ಗೊತ್ತು, ನಿಮ್ಮ ಹೆಸರು ಗೊತ್ತಿರುವುದು ಅನುಮಾನ.

ಬೆಂಗಳೂರಿನಲ್ಲಿ ಪಿಜಿ ಹೆಸರು ಒಂದೇ ಸಾಲದು. ಅದೇ ದೇವರ ಹೆಸರಿನ ಪಿಜಿ ಒಂದೇ ರಸ್ತೆಯಲ್ಲಿ ಮೂರಿರುತ್ತವೆ. ಕ್ರಾಸ್, ಮೇನ್ ಜೊತೆಗೆ ಬ್ಲಾಕ್ ಅಥವಾ ಸ್ಟೇಜ್ ಕೂಡ ಬೇಕು. ‘5ನೇ ಕ್ರಾಸ್’ ಪ್ರತಿಯೊಂದು ಬಡಾವಣೆಯಲ್ಲೂ ಇದೆ. ‘ಇಂಥಾ ಬೇಕರಿ ಹಿಂದೆ’ ಅನ್ನುವ ಗುರುತು ಸೇರಿಸಿದರೆ ತಪ್ಪೇನಿಲ್ಲ. ಬೇಕರಿ ಮುಚ್ಚಿದ್ದರೂ ಜನ ಅದನ್ನೇ ಹೇಳುತ್ತಾರೆ.

ಹಾಸ್ಟೆಲ್‌ಗೆ?

ಹೆಸರು, ತರಗತಿ ಅಥವಾ ಕೋರ್ಸ್, ರೂಂ ನಂಬರ್, ಆಮೇಲೆ ‘ಕೇರಾಫ್ ವಾರ್ಡನ್’, ಹಾಸ್ಟೆಲ್ ಹೆಸರು, ಕಾಲೇಜು ಹೆಸರು. ವಾರ್ಡನ್ ಬದಲಾಗುತ್ತಿರುತ್ತಾರೆ, ಅವರ ಹೆಸರು ಬೇಡ.

ನಮ್ಮದು ಬೇರೆ ಪೋರ್ಷನ್, ಬಾಡಿಗೆ ಕೊಡ್ತೀವಿ. ‘ಕೇರಾಫ್ ಓನರ್’ ಅಂತ ಹಾಕೋಕೆ ಒಂಥರಾ ಅನ್ಸುತ್ತೆ. ಹಾಕ್ಲೇಬೇಕಾ?

ಅನಿಸುವುದು ಸಹಜ. ಹಾಕಲೇಬೇಕು ಅಂತೇನಿಲ್ಲ. ಬಾಡಿಗೆ ಮನೆ ನಿಮ್ಮ ಮನೆಯೇ. ಮಹಡಿ ಯಾವುದು ಅಂತ ಬರೆದು, ಗೇಟಿನ ಹತ್ತಿರ ಅಥವಾ ಪೋಸ್ಟ್ ಬಾಕ್ಸ್ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಮಳೆಗೆ ಶಾಯಿ ಕರಗದ ಹಾಗೆ ಮೇಲೆ ಸೆಲ್ಲೋಟೇಪ್ ಹಾಕಿ. ಆಮೇಲೆ ಒಂದು ಸಲ ಪೋಸ್ಟ್‌ಮನ್ ಕೈಗೆ ಸಿಕ್ಕಿ ‘ಮೇಲಿನ ಮನೆಗೆ ನಾವು ಬಂದಿದ್ದೀವಿ’ ಅಂತ ಹೇಳಿ. ಅದಾದ ಮೇಲೆ ಓನರ್ ಹೆಸರು ಬೇಕಾಗುವುದಿಲ್ಲ.

ಮೊದಲ ಕೆಲವು ತಿಂಗಳು ಮಾತ್ರ ಮುಖ್ಯವಾದ ಕಾಗದಗಳಿಗೆ ಹಾಕಿಕೊಳ್ಳುವುದು ಜಾಣತನ. ಹಾಗೆ ಹಾಕುವುದಾದರೆ ಕೆಳಗಡೆಯ ಆಂಟಿಗೆ ಮೊದಲೇ ಒಂದು ಮಾತು ಹೇಳಿರಿ. ಸಹಿ ಮಾಡಿ ತಗೊಂಡು ಇಟ್ಟಿರುವವರು ಅವರೇ ತಾನೇ.

ಬಾಣಂತನಕ್ಕೆ ಅಮ್ಮನ ಮನೆಗೆ ಬಂದಿದ್ದೀನಿ. ಬ್ಯಾಂಕಿನವರು ಕಳಿಸಿದ್ದು ವಾಪಸ್ ಹೋಯ್ತು. ಯಾಕೆ?

ಇದು ಬಹಳ ಜನರಿಗೆ ಆಗುತ್ತದೆ. ತವರಿನ ಪೋಸ್ಟ್‌ಮನ್‌ಗೆ ನೀವು ‘ಮೇಷ್ಟ್ರ ಮಗಳು ಪುಟ್ಟಿ’. ಕವರಿನ ಮೇಲೆ ಇರುವುದು ಮದುವೆಯಾದ ಮೇಲಿನ ಹೆಸರು, ಅದರ ಕೊನೆಗೆ ಗಂಡನ ಹೆಸರು ಅಥವಾ ಅವರ ಮನೆತನದ ಹೆಸರು. ಆ ಹೆಸರನ್ನು ಆ ಬೀದಿಯಲ್ಲಿ ಯಾರೂ ಕೇಳಿಲ್ಲ. ಬ್ಯಾಂಕಿನ ವಿಳಾಸದ ಮೊದಲ ಸಾಲಿಗೇ ‘ಕೇರಾಫ್’ ಅಂತ ಅಪ್ಪನ ಹೆಸರು ಸೇರಿಸಿದ್ದರೆ ಬರುತ್ತಿತ್ತು. ಅಪ್ಪ ಇಲ್ಲದಿದ್ದರೆ ಅಮ್ಮನ ಹೆಸರು, ಅಣ್ಣನ ಹೆಸರು, ಬಾಗಿಲ ಬೋರ್ಡಿನಲ್ಲಿ ಯಾರಿದ್ದಾರೋ ಅವರದ್ದು.

ಐದು ತಿಂಗಳ ಮಟ್ಟಿಗೆ ಎಲ್ಲ ಕಡೆ ವಿಳಾಸ ಬದಲಿಸುವುದು ದೊಡ್ಡ ಕೆಲಸ. ಮಗು ಕೈಯಲ್ಲಿಟ್ಟುಕೊಂಡು ಯಾರು ಮಾಡುತ್ತಾರೆ? ಸುಲಭದ ದಾರಿ ಅಂದರೆ, ಆ ಅವಧಿಯಲ್ಲಿ ಬರಬಹುದಾದ ಒಂದೆರಡು ಮುಖ್ಯ ಕಾಗದಗಳನ್ನು ಮಾತ್ರ ತವರಿಗೆ ಹೇಳಿ, ಉಳಿದದ್ದೆಲ್ಲ ಗಂಡನ ಮನೆಗೇ ಬರಲಿ. ಮಗುವಿನ ಜನನ ಪ್ರಮಾಣಪತ್ರವನ್ನು ಅಂಚೆಗೆ ಕಾಯದೆ ಯಾರಾದರೂ ಹೋಗಿ ತರುವುದೇ ವಾಸಿ.

ಆನ್‌ಲೈನ್‌ನಲ್ಲಿ ಅಕ್ಕನ ಮನೆಗೆ ಆರ್ಡರ್ ಮಾಡ್ತೀನಿ. ಮೊಬೈಲ್ ನಂಬರ್ ನಂದಾ, ಅಕ್ಕಂದಾ?

ಆ ಹೊತ್ತಿನಲ್ಲಿ ಮನೆಯಲ್ಲಿರುವವರದ್ದು. ಪಾರ್ಸೆಲ್ ಹುಡುಗರು ಕೇರಾಫ್ ಸಾಲನ್ನು ಓದುವುದು ಕಡಿಮೆ, ಫೋನ್ ಮಾಡುವುದೇ ಜಾಸ್ತಿ. ನೀವು ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದು ಫೋನ್ ಎತ್ತದಿದ್ದರೆ ಅಕ್ಕ ಬಾಗಿಲಲ್ಲೇ ನಿಂತಿದ್ದರೂ ಡಬ್ಬ ವಾಪಸ್. ಒಟಿಪಿ ನಿಮ್ಮ ಫೋನಿಗೇ ಬರುವ ಹಾಗಿದ್ದರೆ ಅಕ್ಕನಿಗೆ ಮೊದಲೇ ಕಳಿಸಿಬಿಡಿ. ದುಡ್ಡು ಕೊಟ್ಟು ತಗೊಳ್ಳುವ ಆರ್ಡರ್ ಅನ್ನು ಹೇಳದೆ ಇನ್ನೊಬ್ಬರ ಮನೆಗೆ ಹಾಕುವುದು ಮಾತ್ರ ಬೇಡ. ನೆಂಟಸ್ತಿಕೆ ಕೆಡುವುದು ಇಂಥದ್ದರಿಂದಲೇ.

ಸೋದರತ್ತೆ ಮಗನ ಮನೇಲಿದ್ದಾರೆ. ಲಗ್ನಪತ್ರಿಕೆ ಇಬ್ಬರಿಗೂ ಸೇರಿ ಒಂದು ಸಾಕಾ?

ಅಂಚೆಯ ಲೆಕ್ಕದಲ್ಲಿ ಒಂದು ಸಾಕು. ನೆಂಟರ ಲೆಕ್ಕದಲ್ಲಿ ಸಾಲದು. ‘ಶ್ರೀಮತಿ ಇಂಥವರು, ಕೇರಾಫ್ ಮಗ’ ಅಂತ ಒಂದೇ ಪತ್ರಿಕೆ ಹೋದರೆ ಸೊಸೆ ‘ಕರೆದಿರೋದು ಅತ್ತೆಯವರನ್ನ, ನಮ್ಮನ್ನಲ್ಲ’ ಅಂತ ಮನೆಯಲ್ಲೇ ಕೂರಬಹುದು. ಕೂತರೆ ತಪ್ಪು ಅವರದ್ದಲ್ಲ. ಮಗನ ಹೆಸರಿಗೆ ಕಳಿಸಿ ಒಳಗೆ ‘ಅಮ್ಮನನ್ನೂ ಕರೆದುಕೊಂಡು ಬನ್ನಿ’ ಅಂತ ಬರೆದರೆ ಅತ್ತೆಗೆ ಬೇಜಾರು: ತವರಿನ ಮದುವೆಗೆ ಮಗನ ಮೂಲಕ ಕರೆಸಿಕೊಳ್ಳಬೇಕಾ ಅಂತ.

ಅದಕ್ಕೆ ಎರಡು ಪತ್ರಿಕೆ. ಅತ್ತೆಯ ಪತ್ರಿಕೆ ಮೇಲೆ ಅವರ ಹೆಸರು, ಕೇರಾಫ್ ಮಗ. ಇನ್ನೊಂದರಲ್ಲಿ ಮಗ-ಸೊಸೆಯ ಹೆಸರು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಒಂದೇ ದೊಡ್ಡ ಕವರಿನಲ್ಲಿ ಹಾಕಿ ಕಳಿಸಿದರೂ ಆಯಿತು, ಹೊರಗಡೆ ಮಾತ್ರ ಅತ್ತೆಯ ಹೆಸರು ಮೊದಲಿರಲಿ. ಅರಿಶಿನ ಒಣಗಿದ ಮೇಲೆ ಕವರಿಗೆ ಹಾಕಿ, ಇಲ್ಲದಿದ್ದರೆ ವಿಳಾಸವೂ ಹಳದಿಯಾಗುತ್ತದೆ.

## ಸೈನ್ಯ, ಹೊರದೇಶ, ಊರೂರು ಸುತ್ತುವವರು

ಮಗ ಮಿಲಿಟರೀಲಿದ್ದಾನೆ. ‘ಕೇರಾಫ್ 56 ಎಪಿಒ’ ಅಂತ ವಿಳಾಸ ಕೊಟ್ಟಿದ್ದಾನೆ. ಅದು ಯಾವ ಊರು?

ಊರಲ್ಲ. ಸೈನ್ಯದ ಅಂಚೆ ವ್ಯವಸ್ಥೆಯ ಗುರುತು ಅದು. 56 ಎಪಿಒ, 99 ಎಪಿಒ ಅಂತ ಎರಡಿವೆ, 99 ಪೂರ್ವದ ಕಡೆಯದು. ದಳ ಎಲ್ಲಿದೆ ಅಂತ ಕವರಿನಿಂದ ಗೊತ್ತಾಗಬಾರದು ಅನ್ನುವುದೇ ಇದರ ಉದ್ದೇಶ. ಸೇವಾ ನಂಬರ್, ರ‍್ಯಾಂಕ್, ಹೆಸರು, ಯುನಿಟ್ಟಿನ ಹೆಸರು, ಕೇರಾಫ್ 56 ಎಪಿಒ, ಕೊನೆಗೆ 9ರಿಂದ ಶುರುವಾಗುವ ಆರಂಕಿ ಪಿನ್. ಅಷ್ಟೇ. ‘ಬೇಗ ಹೋಗಲಿ’ ಅಂತ ಪಕ್ಕದಲ್ಲಿ ಲೇಹ್ ಅಂತಲೋ ಸಿಲಿಗುರಿ ಅಂತಲೋ ಸೇರಿಸಬೇಡಿ. ಬೇಗ ಹೋಗುವುದಿಲ್ಲ, ಮುಚ್ಚಿಡಬೇಕಾದ್ದು ಬಯಲಾಗುತ್ತದೆ. ಕೊಡಗಿನ ಹಳೇ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ, ಮೊದಲ ಸಲ ಮಗನನ್ನು ಕಳಿಸಿದವರಿಗೆ ಬೇಕು.

ನೌಕಾಪಡೆಯ ಹಡಗಿನಲ್ಲಿದ್ದರೆ ಹಡಗಿನ ಹೆಸರು, ಕೇರಾಫ್ ಫ್ಲೀಟ್ ಮೇಲ್ ಆಫೀಸ್, ಮುಂಬೈ ಅಥವಾ ಕೊಚ್ಚಿ ಅಥವಾ ವಿಶಾಖಪಟ್ಟಣ. ಯಾವುದು ಅಂತ ಅವನೇ ಹೇಳುತ್ತಾನೆ.

ಜರ್ಮನಿಯಲ್ಲಿ ಓದುತ್ತಿರೋ ಮಗಳು ಗೆಳತಿಯ ಮನೇಲಿದ್ದಾಳೆ. ವಿಳಾಸ ಸರಿಯಿದ್ದರೂ ಕಾಗದ ಸೇರ್ತಿಲ್ಲ.

ಜರ್ಮನಿಯಲ್ಲಿ ಸಾಮಾನ್ಯವಾಗಿ ವಿಳಾಸದಲ್ಲಿ ಫ್ಲಾಟ್ ನಂಬರ್ ಇರುವುದಿಲ್ಲ. ಕಟ್ಟಡದ ನಂಬರ್ ಒಂದೇ. ಹತ್ತು ಮನೆಗಳ ಹತ್ತು ಡಬ್ಬಗಳಲ್ಲಿ ಯಾವುದಕ್ಕೆ ಹಾಕಬೇಕು ಅನ್ನುವುದನ್ನು ಡಬ್ಬದ ಮೇಲಿನ ಹೆಸರು ನೋಡಿಯೇ ತೀರ್ಮಾನಿಸುತ್ತಾರೆ. ಹೆಸರಿಲ್ಲದಿದ್ದರೆ ವಾಪಸ್, ವಿಚಾರಿಸುವ ಪದ್ಧತಿಯೇ ಇಲ್ಲ. ಹಾಗಾಗಿ ಕೇರಾಫ್ ಸಾಲಿನಲ್ಲಿ ಗೆಳತಿಯ ಹೆಸರು ಡಬ್ಬದ ಮೇಲೆ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಇರಬೇಕು. ಅದಕ್ಕಿಂತ ವಾಸಿ, ಮಗಳೇ ತನ್ನ ಹೆಸರನ್ನೂ ಡಬ್ಬಕ್ಕೆ, ಕರೆಗಂಟೆಗೆ ಅಂಟಿಸಿಕೊಳ್ಳಲಿ. ಬ್ಯಾಂಕು, ವಿಮೆ, ವೀಸಾ ಕಾಗದಗಳೆಲ್ಲ ಅಲ್ಲಿ ಅಂಚೆಯಲ್ಲೇ ಬರುವುದು.

ಅಪ್ಪ-ಅಮ್ಮ ಆರು ತಿಂಗಳಿಗೆ ನನ್ನ ಜೊತೆ ಅಮೆರಿಕದಲ್ಲಿದ್ದಾರೆ. ಅವರ ಹೆಸರಿಗೆ ಕಾಗದ ತರಿಸೋದು ಹೇಗೆ?

ಮೊದಲ ಸಾಲು ಅವರ ಹೆಸರು, ಎರಡನೇ ಸಾಲು ಕೇರಾಫ್ ನಿಮ್ಮ ಹೆಸರು, ಆಮೇಲೆ ಬೀದಿ, ಅಪಾರ್ಟ್‌ಮೆಂಟ್ ನಂಬರ್, ಊರು, ರಾಜ್ಯ, ಜಿಪ್. ಅಪಾರ್ಟ್‌ಮೆಂಟ್ ಆದರೆ ಮೇಲ್‌ಬಾಕ್ಸ್‌ನ ಒಳಗೆ ಅವರ ಹೆಸರಿನ ಚೀಟಿಯನ್ನೂ ಅಂಟಿಸಿ.

ತೊಡಕಾಗುವುದು ನಮ್ಮ ಇನಿಷಿಯಲ್‌ಗಳಿಂದ. ಊರಿನಲ್ಲಿ ‘ಎಸ್. ಕೆ. ಲಲಿತಾ’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಉದ್ದಕ್ಕೆ ಇರುತ್ತದೆ. ವಿಮಾ ಕಂಪನಿಯಿಂದ ಬರುವ ಕಾಗದದಲ್ಲಿ ಊರಿನ ಹೆಸರೇ ಅವರ ಹೆಸರಾಗಿಬಿಟ್ಟಿರುತ್ತದೆ. ಆ ಉದ್ದದ ರೂಪವನ್ನೂ ಚೀಟಿಯಲ್ಲಿ ಬರೆದಿರಿ.

ಅಮೆರಿಕದಿಂದ ಅತ್ತಿಗೆಗೆ ಕೊರಿಯರ್ ಕಳಿಸ್ತೀನಿ, ಅವರು ತಮ್ಮನ ಮನೇಲಿದ್ದಾರೆ. ಯಾರ ಹೆಸರಿಗೆ ಕಳಿಸ್ಲಿ?

ಆಧಾರ್, ವಿಳಾಸದ ದಾಖಲೆ ತಕ್ಷಣ ತೋರಿಸಬಲ್ಲವರ ಹೆಸರಿಗೆ. ಹೊರದೇಶದಿಂದ ಖಾಸಗಿ ಕೊರಿಯರ್‌ನಲ್ಲಿ ಬರುವ ಪಾರ್ಸೆಲ್‌ಗೆ ಕಸ್ಟಮ್ಸ್ ದಾಟುವಾಗ ಪಡೆಯುವವರ ಕೆವೈಸಿ ಕೇಳುತ್ತಾರೆ. ಪೆಟ್ಟಿಗೆ ಮೇಲಿನ ಹೆಸರು, ದಾಖಲೆಯ ಹೆಸರು ಬೇರೆಯಾದರೆ ಪೆಟ್ಟಿಗೆ ಅಲ್ಲೇ ನಿಲ್ಲುತ್ತದೆ. ತಮ್ಮನ ಹೆಸರಿಗೇ ಕಳಿಸಿ, ಒಳಗೆ ಅತ್ತಿಗೆಯ ಹೆಸರು ಬರೆದಿಡುವುದು ಎಷ್ಟೋ ಸುಲಭ.

ಯಾವ ಮನೇಲೂ ಇಲ್ಲ, ಊರೂರು ಕೆಲಸ. ಕಾಗದ ಎಲ್ಲಿಗೆ ತರಿಸ್ಲಿ?

ಹೋಗುವ ಊರಿನ ಮುಖ್ಯ ಅಂಚೆ ಕಚೇರಿಗೆ ‘ಪೋಸ್ಟ್ ರೆಸ್ತಾಂತ್’ ಅಂತ ಬರೆಸಬಹುದು. ಹೆಸರು, ಆ ಪದ, ಕಚೇರಿಯ ಹೆಸರು, ಪಿನ್. ಕಚೇರಿಯವರು ಇಟ್ಟಿರುತ್ತಾರೆ, ಗುರುತಿನ ಚೀಟಿ ತೋರಿಸಿ ತಗೊಳ್ಳಬೇಕು. ತುಂಬಾ ದಿನ ಇಡುವುದಿಲ್ಲ. ಈಗ ಇದನ್ನು ಬಳಸುವವರು ಕಡಿಮೆಯಾದ್ದರಿಂದ, ಬರೆಸುವ ಮೊದಲು ಕೌಂಟರ್‌ನಲ್ಲಿ ಒಂದು ಮಾತು ಕೇಳಿಬಿಡಿ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಸ್ಪೀಡ್ ಪೋಸ್ಟನ್ನ ಮನೆ ಓನರ್ ಕೈಗೆ ಕೊಟ್ಟು ಹೋಗಿದ್ದಾರೆ. ನನ್ನ ಕೈಗೇ ಕೊಡಬೇಕಿತ್ತಲ್ವಾ?

ಸ್ಪೀಡ್ ಪೋಸ್ಟ್ ವಿಳಾಸಕ್ಕೆ ಬರುವುದು, ವ್ಯಕ್ತಿಗೆ ಅಲ್ಲ. ಆ ವಿಳಾಸದಲ್ಲಿ ಇರುವವರು ಸಹಿ ಮಾಡಿ ತಗೊಂಡರೆ ಬಟವಾಡೆ ಆದ ಹಾಗೇ. ಮೊದಲು ರಿಜಿಸ್ಟರ್ಡ್ ಪೋಸ್ಟ್ ಅಂತ ಬೇರೆ ಇತ್ತು, ಅದು ಹೆಸರಿದ್ದವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಈಗ ಸ್ಪೀಡ್ ಪೋಸ್ಟ್ ಮಾಡುವಾಗಲೇ ‘ರಿಜಿಸ್ಟ್ರೇಷನ್’ ಬೇಕು ಅಂತ ಕೇಳಿ ಸ್ವಲ್ಪ ಜಾಸ್ತಿ ಶುಲ್ಕ ಕೊಡಬೇಕು. ಒಟಿಪಿ ಹೇಳಿದರೆ ಮಾತ್ರ ಕೊಡುವ ಸೌಲಭ್ಯವೂ ಇದೆ.

ಬೇರೆಯವರ ಮನೆಯಲ್ಲಿರುವವರಿಗೆ ಅಂಕಪಟ್ಟಿ, ಆಸ್ತಿ ಪತ್ರ ಅಂಥದ್ದು ಕಳಿಸುತ್ತಿದ್ದರೆ ಈ ಎರಡರಲ್ಲಿ ಒಂದನ್ನು ಕೇಳಿ ಹಾಕಿಸಿ. ಕೌಂಟರ್‌ನಲ್ಲಿ ಕೇಳದಿದ್ದರೆ ಅವರಾಗಿಯೇ ಹೇಳುವುದು ಕಡಿಮೆ. ಮಾಮೂಲಿ ಕಾಗದಕ್ಕೆ ಮಾತ್ರ ಬೇಡ. ನೀವು ಕೆಲಸಕ್ಕೆ ಹೋಗಿರುವಾಗ ಬಂದರೆ ಮನೆಯವರಿಗೂ ಕೊಡದೆ ಒಯ್ಯುತ್ತಾರೆ, ಕೊನೆಗೆ ನೀವೇ ಅಂಚೆ ಕಚೇರಿಗೆ ಅಲೆಯಬೇಕು.

ಆಧಾರ್‌ನಲ್ಲಿ ಅಪ್ಪನ ಹೆಸರು ‘ಕೇರಾಫ್’ ಅಂತ ಬಂದಿದೆ. ಈಗ ಮಾವನ ಮನೇಲಿದ್ದೀನಿ. ಬದಲಾಯಿಸಬೇಕಾ?

ಆಧಾರ್‌ನಲ್ಲಿ ಆ ಸಾಲು ವಿಳಾಸದ ಒಂದು ಭಾಗ ಅಷ್ಟೇ, ಸಂಬಂಧಕ್ಕೆ ಪುರಾವೆ ಅಲ್ಲ. ಸ್ವಲ್ಪ ದಿನಕ್ಕೆ ಬಂದಿದ್ದರೆ ಮುಟ್ಟಬೇಡಿ. ಆಧಾರ್ ಪಿವಿಸಿ ಕಾರ್ಡಿಗೆ ಆರ್ಡರ್ ಮಾಡುವ ಯೋಚನೆ ಇದ್ದರೆ ಮಾತ್ರ ಎಚ್ಚರ. ಅದು ಆಧಾರ್‌ನಲ್ಲಿರುವ ವಿಳಾಸಕ್ಕೇ ಹೋಗುತ್ತದೆ, ನೀವು ಈಗ ಇರುವ ಕಡೆಗೆ ಅಲ್ಲ.

ಖಾಯಂ ಆಗಿ ಬಂದಿದ್ದು, ನಿಮ್ಮ ಹೆಸರಿನಲ್ಲಿ ಕರೆಂಟ್ ಬಿಲ್ಲು ಏನೂ ಇಲ್ಲದಿದ್ದರೆ 2023ರಲ್ಲಿ ಬಂದ ಒಂದು ದಾರಿ ಇದೆ. ಕುಟುಂಬದ ಯಜಮಾನರು ಒಪ್ಪಿಗೆ ಕೊಟ್ಟು ಅವರ ವಿಳಾಸವನ್ನೇ ನಿಮಗೆ ಹಾಕಿಸುವುದು. ನೀವು ಅರ್ಜಿ ಹಾಕಿದ 30 ದಿನದೊಳಗೆ ಅವರು ತಮ್ಮ ಆಧಾರ್ ಮೂಲಕ ಒಪ್ಪಬೇಕು. ಮಾವನವರಿಗೆ ಮೊಬೈಲ್ ಮೆಸೇಜು ನೋಡುವ ಅಭ್ಯಾಸ ಇಲ್ಲದಿದ್ದರೆ ಪಕ್ಕದಲ್ಲಿ ಕೂತು ಮಾಡಿಸಿ.

ಪಾಸ್‌ಪೋರ್ಟ್, ಎಟಿಎಂ ಕಾರ್ಡ್ ಬೇರೆಯವರ ಮನೆಗೆ ತರಿಸಬಹುದಾ?

ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಬರುತ್ತದೆ, ಅರ್ಜಿದಾರರ ಕೈಗೇ ಗುರುತು ನೋಡಿ ಕೊಡುವುದು ಕ್ರಮ. ಕೇರಾಫ್ ಇದ್ದರೂ ಆ ದಿನ ನೀವು ಅಲ್ಲಿರಬೇಕು. ಎಟಿಎಂ ಕಾರ್ಡು, ಚೆಕ್ ಪುಸ್ತಕವನ್ನು ಇನ್ನೊಬ್ಬರ ಮನೆಗೆ ತರಿಸುವುದಕ್ಕಿಂತ ಬ್ಯಾಂಕ್ ಶಾಖೆಯಿಂದಲೇ ತಗೊಳ್ಳುವುದು ಒಳ್ಳೆಯದು. ಮನೆಯವರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಅವರು ಸುಮ್ನೆ ಮಾತು ಕೇಳಬೇಕಾಗುತ್ತದೆ.

ಮೊದಲು ಇದ್ದ ಬಾಡಿಗೆದಾರರ ಕಾಗದಗಳು ನಮ್ಮನೆಗೇ ಬರ್ತಾ ಇವೆ. ಎಸೀಲಾ?

ಎಸೆಯಬೇಡಿ, ಒಡೆಯಬೇಡಿ. ಹೊಸ ವಿಳಾಸ ಗೊತ್ತಿದ್ದರೆ ಹಳೆಯದನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಹೊಸದು ಬರೆದು, ತಡಮಾಡದೆ ಪೋಸ್ಟ್‌ಮನ್ ಕೈಗೆ ಕೊಡಿ. ಹೆಸರನ್ನು ಹೊಡೆಯಬೇಡಿ. ಗೊತ್ತಿಲ್ಲದಿದ್ದರೆ ‘ಮನೆ ಬಿಟ್ಟು ಹೋಗಿದ್ದಾರೆ’ ಅಂತ ಬರೆದು ಹಿಂದಿರುಗಿಸಿ. ಫ್ರಿಜ್ ಮೇಲೆ ಗುಡ್ಡೆ ಹಾಕಿಟ್ಟು ಆರು ತಿಂಗಳ ಮೇಲೆ ಫೋನ್ ಮಾಡುವುದು ಯಾರಿಗೂ ಉಪಕಾರವಲ್ಲ. ಮನೆ ಬಿಡುವವರು ನೀವಾಗಿದ್ದರೆ ಹಳೇ ಬಡಾವಣೆಯ ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಟ್ಟು ಹೋಗಿ.

ನಮ್ಮನೇಲಿ ಇದ್ದವರ ಹೆಸರಿಗೆ ಕೋರ್ಟ್ ನೋಟೀಸ್ ಬಂದಿದೆ. ನಾನು ಸಹಿ ಮಾಡಿ ತಗೊಂಡರೆ ತೊಂದರೆಯಾ?

ಸಿವಿಲ್ ದಾವೆಯ ಸಮನ್ಸ್ ಆದರೆ, ಸಂಬಂಧಪಟ್ಟವರು ಸಿಗದಿದ್ದಾಗ ಅವರ ಜೊತೆ ವಾಸವಿರುವ ವಯಸ್ಕ ಕುಟುಂಬ ಸದಸ್ಯರಿಗೆ ಕೊಡಬಹುದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 15ನೇ ನಿಯಮ ಹೇಳುತ್ತದೆ. ಮನೆಕೆಲಸದವರು ಕುಟುಂಬದವರಲ್ಲ ಅಂತಲೂ ಅದರಲ್ಲೇ ಇದೆ. ಮನೆ ಓನರ್ ಆಗಿ ನೀವೂ ಕುಟುಂಬದವರಲ್ಲ. ಅವರ ಪರವಾಗಿ ಸಹಿ ಹಾಕಲು ಹೋಗಬೇಡಿ. ಅವರು ಮನೆಯಲ್ಲಿದ್ದರೆ ಕರೆಯಿರಿ, ಬಿಟ್ಟು ಹೋಗಿದ್ದರೆ ಹಾಗೆಂದು ಹೇಳಿ. ಅವರ ಫೋನ್ ನಂಬರ್ ಇದ್ದರೆ ನೋಟೀಸಿನ ಫೋಟೋ ಅಲ್ಲ, ‘ಇಂಥ ಕೋರ್ಟಿನಿಂದ ಬಂದಿತ್ತು’ ಅನ್ನುವ ಮಾತು ತಲುಪಿಸಿ.

ಅತಿಥಿಯಾಗಿ ಇದ್ದವರಿಗೆ ಒಂದು ಎಚ್ಚರಿಕೆ. ದಾಖಲೆಗಳಲ್ಲಿ ಹಳೇ ಕೇರಾಫ್ ವಿಳಾಸವನ್ನೇ ಬಿಟ್ಟಿದ್ದರೆ ನೋಟೀಸು ಅಲ್ಲಿಗೇ ಹೋಗುತ್ತದೆ. ಸರಿಯಾದ ವಿಳಾಸಕ್ಕೆ ಹಣ ಕಟ್ಟಿ ನೋಂದಾಯಿಸಿ ಕಳಿಸಿದ ಅಂಚೆ ತಲುಪಿದೆ ಅಂತಲೇ ಭಾವಿಸಬೇಕು, ಇಲ್ಲ ಅಂತ ತೋರಿಸುವ ಹೊಣೆ ನಿಮ್ಮದು: 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನ ಸಾರ ಇದು.

ಕವರ್ ವಾಪಸ್ ಬಂದಿದೆ. ಮೇಲೆ ಇಂಗ್ಲಿಷಿನಲ್ಲಿ ಏನೋ ಗೀಚಿದ್ದಾರೆ. ಏನು ಮಾಡ್ಲಿ?

ಗೀಚಿದ್ದನ್ನು ಓದಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ‘ಇನ್‌ಸಫಿಶಿಯೆಂಟ್ ಅಡ್ರೆಸ್’ ಅಂದರೆ ವಿಳಾಸ ಸಾಲದು, ಮನೆಯ ಗುರುತು ಸೇರಿಸಿ ಮತ್ತೆ ಕಳಿಸಿ. ‘ನೋ ಸಚ್ ಪರ್ಸನ್’ ಅಂದರೆ ಮನೆ ಸಿಕ್ಕಿದೆ, ಹೆಸರು ಸಿಕ್ಕಿಲ್ಲ. ಕೇರಾಫ್ ಇರಲಿಲ್ಲ, ಇಲ್ಲವೇ ಮನೆಯವರಿಗೆ ಹೇಳಿರಲಿಲ್ಲ. ‘ಲೆಫ್ಟ್’ ಅಂದರೆ ಹೊರಟುಹೋಗಿದ್ದಾರೆ. ‘ಡೋರ್ ಲಾಕ್ಡ್’ ಅಂದರೆ ವಿಳಾಸದಲ್ಲಿ ತಪ್ಪಿಲ್ಲ, ಅದನ್ನೇ ಬರೆದು ಇನ್ನೊಮ್ಮೆ ಕಳಿಸಿ, ಮೊದಲು ಫೋನ್ ಮಾಡಿ.

‘ರೆಫ್ಯೂಸ್ಡ್’ ಅಂತ ಇದ್ದರೆ ಮಾತ್ರ ಬೇರೆ ಕಥೆ. ಯಾರೋ ಕೈಗೆ ಬಂದದ್ದನ್ನು ಬೇಡ ಅಂದಿದ್ದಾರೆ. ಮನೆಯವರು ಗೊತ್ತಿಲ್ಲದೆ ಹಾಗೆ ಹೇಳಿರಬಹುದು, ಅಥವಾ ಕಾಗದ ಯಾರಿಗೋ ಅವರೇ ಹೇಳಿರಬಹುದು. ಕೋರ್ಟ್ ಸಮನ್ಸ್ ಆಗಿದ್ದರೆ ಬೇಡ ಅಂದದ್ದೂ ಕೊಟ್ಟ ಹಾಗೇ ಲೆಕ್ಕ. ಮನೆ ಕಾಗದವಾಗಿದ್ದರೆ ಮತ್ತೆ ಅಂಚೆಗೆ ಹಾಕುವ ಮೊದಲು ಅವರ ಜೊತೆ ಮಾತಾಡಿ. ವಾಪಸ್ ಬಂದ ಕವರನ್ನು ಹರಿಯದೆ ಇಟ್ಟುಕೊಳ್ಳಿ, ಮುದ್ರೆಯ ಮೇಲಿನ ತಾರೀಕು ಮುಂದೆ ಬೇಕಾಗಬಹುದು.